ಕತ್ತಲೆಯ ಮೊಳಕೆಯೊಳಗಿನ ಸ್ಫಟಿಕ

ದೇವಾಲಯದ ಉತ್ಸವಕ್ಕೆ ಮುನ್ನ ಅಂಕುರಾರ್ಪಣೆಯ ಪಾಲಿಕೆಗಳಲ್ಲಿ ಬಿತ್ತಿ, ಬೆಳಕು ಸೋಕದ ಕೋಣೆಯಲ್ಲಿರಿಸಿದ ಧಾನ್ಯದ ಮೊಳಕೆ ಹಸುರಾಗದೆ ಹಳದಿಯಾಗುವುದೇಕೆ, ಅದರ ಬಣ್ಣ ನೋಡಿ ಊರಿನ ಶುಭಾಶುಭಗಳನ್ನು ನಿರ್ಣಯಿಸುವುದರಲ್ಲಿ ಸತ್ಯಾಂಶವೇನಾದರೂ ಉಂಟೇ ಎಂದು ಬಂದ್ಯೋಡಿನ ವಾಚಕರೊಬ್ಬರು ಕೇಳಿದ್ದಾರೆ. ಎರಡನೆಯ ಪ್ರಶ್ನೆಗೆ ‘ಇಲ್ಲ’ವೆಂದರೆ ಮುಗಿಯಿತು, ಮೊದಲನೆಯದು ಮಾತ್ರ ನಮ್ಮನ್ನು ಬಹುದೂರ, ದ್ರವಸ್ಫಟಿಕಗಳ ಲೋಕದವರೆಗೆ ಕರೆದೊಯ್ಯತಕ್ಕದ್ದು.

ದ್ರವದಂತೆ ಹರಿಯಬಲ್ಲ, ಆದರೆ ಸ್ಫಟಿಕದಂತೆ ಕಣಗಳ ಅಣಿಯನ್ನು ಕಾಯ್ದುಕೊಂಡಿರುವ ದ್ರವಸ್ಫಟಿಕವೆಂಬ ಅವಸ್ಥೆಯನ್ನು 1888ರಲ್ಲಿ ಮೊದಲು ಗುರುತಿಸಿದ ಫ್ರೀಡ್ರಿಕ್ ರೈನಿಟ್ಸರ್ ಸಸ್ಯವಿಜ್ಞಾನಿಯೇ ಆಗಿದ್ದನು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ಈ ಅವಸ್ಥೆಯನ್ನು ತಾಳಬಲ್ಲವೆಂದು ತೋರಿಸಿ ಜಗತ್ತಿನ ಗಮನ ಸೆಳೆದರು. ಬಚ್ಚಲಿನ ಸಾಬೂನುಪೆಟ್ಟಿಗೆಯ ತಳದಲ್ಲಿ ನಿಲ್ಲುವ ಲೋಳೆಯೂ ನೀರು ಕೂಡಿ ಹುಟ್ಟಿದ ದ್ರವಸ್ಫಟಿಕವೇ.

ಕತ್ತಲೆಯಲ್ಲಿ ಬೆಳೆದ ಎಲೆಯ ಕೋಶದೊಳಗೆ ಇಂಥದೇ ಒಂದು ರಚನೆಯುಂಟು. ಅಲ್ಲಿನ ಪ್ರಮುಖ ಮೇದಸ್ಸಿನ ಅಣುವಿಗೆ ತಲೆ ಕಿರಿದು, ಬಾಲಗಳು ಅಗಲ. ಆದುದರಿಂದ ಅದು ಸಮತಲವಾಗಿ ಹಾಸಿಕೊಳ್ಳಲೊಲ್ಲದೆ ಬಾಗಲು ಹವಣಿಸುತ್ತದೆ. ಆ ಬಾಗಿನ ಫಲವಾಗಿ ಪೊರೆಯೆಲ್ಲ ಸೂಕ್ಷ್ಮ ನಳಿಕೆಗಳಾಗಿ, ನಾಲ್ಕು ನಾಲ್ಕಾಗಿ ಕೂಡಿಕೊಂಡು, ವಜ್ರದೊಳಗಿನ ಇಂಗಾಲದ ಪರಮಾಣುಗಳ ಅಣಿಯನ್ನೇ ಹೋಲುವ ಜಾಲವನ್ನು ಹೆಣೆಯುತ್ತದೆ. ಎಡೆಬಿಡದ ಒಂದೇ ಪೊರೆ. ಅದರ ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು ಜಲಮಾರ್ಗ. ಒಂದೇ ಗೋಡೆಯ ಆಚೀಚೆ ಬಾಳಿಯೂ ಪರಸ್ಪರ ಮುಖ ನೋಡದ ದಾಯಾದಿಗಳಂತೆ ಈ ಎರಡು ದಾರಿಗಳು ಎಲ್ಲಿಯೂ ಸಂಧಿಸುವುದಿಲ್ಲ. ಪ್ರಯೋಗಶಾಲೆಯಲ್ಲಿ ಮೇದಸ್ಸು ಮತ್ತು ನೀರನ್ನಷ್ಟೇ ಬೆರೆಸಿ ಪಡೆಯುವ ಘನಾಕೃತಿಯ ದ್ರವಸ್ಫಟಿಕಕ್ಕಿಂತ ಇದರ ಅಳತೆ ದೊಡ್ಡದು, ಮೇಲಾಗಿ ಪ್ರೋಟೀನಿನ ನೆರವೂ ಬೇಕು. ಆಕೃತಿಯ ಧರ್ಮ ಮಾತ್ರ ಒಂದೇ.

ಈ ಜಾಲದಲ್ಲಿ ಪತ್ರಹರಿತ್ತಿನ ಪೂರ್ವರೂಪವಾದ ಪ್ರೋಟೋಕ್ಲೋರೊಫಿಲೈಡ್, ಅದಕ್ಕೆ ಹೈಡ್ರೋಜನ್ ಒದಗಿಸುವ ಎನ್‌ಎಡಿಪಿಎಚ್, ಇವೆರಡನ್ನೂ ಹಿಡಿದಿಟ್ಟ ಕಿಣ್ವ, ಈ ಮೂರೂ ಸಜ್ಜಾಗಿ ಕುಳಿತಿರುತ್ತವೆ. ಅಪಕರ್ಷಣಕ್ಕೆ, ಎಂದರೆ ಆ ಹೈಡ್ರೋಜನ್ ಕೂಡಿಸುವುದಕ್ಕೆ, ಸಕಲವೂ ಸಿದ್ಧವಿದ್ದೂ ಕ್ರಿಯೆ ನಡೆಯದು, ಏಕೆಂದರೆ ಈ ಕಿಣ್ವಕ್ಕೆ ಬೆಳಕೇ ಬೇಕು. ಬೆಳಕಿಲ್ಲದೆ ಕೆಲಸ ಮಾಡದ ಕಿಣ್ವಗಳು ನಿಸರ್ಗದಲ್ಲಿ ಅತಿ ವಿರಳ. ಬಿಸಿಲು ಬಿದ್ದೊಡನೆ ಅಪಕರ್ಷಣವು ಕಣ್ಣೆವೆ ಇಕ್ಕುವುದರೊಳಗೆ ಜರುಗುತ್ತದೆ. ಬಳಿಕ ಜಾಲವು ಕಳಚಿ, ಕೆಲವು ಗಂಟೆಗಳಲ್ಲಿ ದ್ಯುತಿಸಂಶ್ಲೇಷಣೆಯ ಚಪ್ಪಟೆ ಪೊರೆಗಳಾಗಿ ಮಾರ್ಪಡುತ್ತದೆ. ಪೈನ್ ಮರದ ಸಸಿಗೆ ಬೇರೊಂದು ಕಿಣ್ವವೂ ಇರುವುದರಿಂದ ಅದು ಕತ್ತಲಲ್ಲಿಯೂ ಹಸುರಾಗುತ್ತದೆ; ಹೂಬಿಡುವ ಸಸ್ಯಗಳು ಆ ಸೌಭಾಗ್ಯವನ್ನು ಕಳೆದುಕೊಂಡಿವೆ.

ಮಡಕೆ ಕವುಚಿ ಬೆಳೆಸಿದ ಭತ್ತದ ಸಸಿಯನ್ನು ನಾನು ನೋಡಿದ್ದೇನೆ: ನೀಳವಾದ, ಬಲವಿಲ್ಲದ ನಸುಹಳದಿ ಎಲೆಗಳು. ಆ ಹಳದಿಯು ಕ್ಯಾರೋಟಿನಾಯ್ಡುಗಳದು. ಹಸುರು ಮುಚ್ಚಿಡದುದರಿಂದ ಹೊರಗೆ ಕಾಣುತ್ತದೆ, ಅಷ್ಟೆ. ಮುಂಜಾನೆ ಅಂಗಳಕ್ಕಿಟ್ಟರೆ ಸಂಜೆಯ ವೇಳೆಗೆ ಹಸುರು ಮೂಡತೊಡಗುತ್ತದೆ. ಪಾಲಿಕೆಯ ಮೊಳಕೆ ಕಪ್ಪಾದುದನ್ನು ಕಂಡು ದೈವಕೋಪವೆಂದು ಭಯಗೊಂಡು ಪ್ರಶ್ನೆ ಇಡಿಸಹೊರಡುವವರಿಗೆ ನನ್ನ ಬಿನ್ನಹವಿಷ್ಟೆ: ಕಪ್ಪು ಸಾಮಾನ್ಯವಾಗಿ ಬೂಷ್ಟಿನ ಕೆಲಸ, ಜೋಯಿಸರನ್ನು ಕರೆಸುವುದಕ್ಕೆ ಮೊದಲು ಬೀಜ ಹಳತೋ, ಪಾಲಿಕೆಯಲ್ಲಿ ನೀರು ನಿಂತಿದೆಯೋ ನೋಡಿರಿ.