ಮೇಜಿನ ಮೇಲೋ, ಮೇಜಿನ ಖಾನೆಯಲ್ಲೋ?

ಪರಭಾಷೆಯ ಶಬ್ದಗಳಲ್ಲಿ ಕೆಲವು ಅತಿಥಿಗಳಾಗಿ ಬಂದು ಮನೆಯವರಾಗಿಯೇ ಉಳಿದುಬಿಡುತ್ತವೆ. ಇಂಗ್ಲೀಷಿನ ಟೇಬಲ್ ಎಂಬುದು ಅಂತಹ ಶಬ್ದಗಳಲ್ಲೊಂದು. ನಾಲ್ಕು ಕಾಲುಗಳ ಮೇಲೆ ನಿಂತ ಹಲಗೆಗೆ, ಪಾರಸಿಯಿಂದ ಹಿಂದುಸ್ತಾನಿಯ ಮಾರ್ಗವಾಗಿ ಬಂದ ಮೇಜು ಎಂಬ ಹೆಸರು ನಮ್ಮಲ್ಲಿ ಮೊದಲೇ ನೆಲೆಸಿದ್ದರೂ, ಇಂದು ಪಟ್ಟಣಗಳಲ್ಲಿ ಟೇಬಲ್ ಎನ್ನದವರು ವಿರಳ. ಕಚೇರಿಗೆ ಹೋದ ರೈತನು ತನ್ನ ಅರ್ಜಿ ಯಾವ ಟೇಬಲಿನಲ್ಲಿದೆಯೆಂದು ವಿಚಾರಿಸುತ್ತಾನೆ. ಟೇಬಲಿನ ಕೆಳಗಿನ ವ್ಯವಹಾರವೆಂದರೆ ಏನೆಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಂದು ನಾವು ವಾಚಕ ಮಹಾಶಯರ ಗಮನಕ್ಕೆ ತರಬಯಸುವುದು ಮೇಜಿನ ಕೆಳಗೆ ನಡೆಯುವುದನ್ನಲ್ಲ; ಮೇಜಿನ ಮೇಲೆ ಬರಬೇಕಾಗಿದ್ದು ಬಾರದೆ ಉಳಿಯುವುದನ್ನು.

ಮೊದಲು ಶಬ್ದದ ಕುಲವನ್ನು ನೋಡೋಣ. ಇದರ ಮೂಲವು ಲ್ಯಾಟಿನ್ ಭಾಷೆಯ ಟಾಬುಲಾ ಎಂಬ ಪದ. ಅದರ ಅರ್ಥ ಹಲಗೆ. ವಿಶೇಷವಾಗಿ, ಬರೆಯುವ ಹಲಗೆ. ಊಟದ ಮೇಜು, ಓದುವ ಮೇಜು ಎಂಬ ಅರ್ಥಗಳು ಹಲಗೆಯಿಂದ ಹುಟ್ಟಿದವು. ಅಂಕಿಗಳ ಟೇಬಲು, ಗಾಡಿಗಳ ಟೈಂ ಟೇಬಲು ಮೊದಲಾದ ಅರ್ಥಗಳು ಬರಹದಿಂದ ಹುಟ್ಟಿದವು. ಟ್ಯಾಬ್ಲೆಟ್ ಎಂದರೆ ಚಿಕ್ಕ ಹಲಗೆ. ವೈದ್ಯರು ಕೊಡುವ ಮಾತ್ರೆಗೂ ಅದೇ ಹೆಸರು. ಇಂಗ್ಲೀಷರು ಒಂದೇ ಶಬ್ದದಿಂದ ನಡೆಸುವ ಈ ಸಂಸಾರವನ್ನು ಕನ್ನಡವು ಬೇರೆ ಬೇರೆ ಮನೆಗಳಾಗಿ ಹಂಚಿಕೊಟ್ಟಿದೆ. ಬಾಲಕನು ಬಾಯಿಪಾಠ ಮಾಡುವುದು ಮಗ್ಗಿ. ಅಂಕಿ ಅಂಶಗಳ ಮನೆಗಳು ಕೋಷ್ಟಕ. ಗ್ರಂಥದ ಆದಿಯಲ್ಲಿರುವುದು ಪರಿವಿಡಿ. ಶಾಲೆಯ ಗೋಡೆಯ ಮೇಲಿರುವುದು ವೇಳಾಪಟ್ಟಿ. ಇಷ್ಟು ಸಂಪತ್ತುಳ್ಳ ಭಾಷೆಯನ್ನು ಬಡಭಾಷೆಯೆಂದು ಕರೆಯುವವರು ಈ ಒಂದು ಶಬ್ದದ ಲೆಕ್ಕವನ್ನಾದರೂ ಮಾಡಿ ನೋಡಲಿ.

ಹಲಗೆ, ಬರಹ ಎಂಬ ಈ ಎರಡು ಅರ್ಥಗಳು ಕೂಡಿದ ಕಡೆ ಮೂರನೆಯ ಒಂದು ಅರ್ಥವು ಉದಯಿಸಿತು. ಪ್ರಾಚೀನ ರೋಮಿನಲ್ಲಿ ಧರ್ಮಶಾಸ್ತ್ರದ ಜ್ಞಾನವು ಕುಲೀನ ವರ್ಗದವರ, ಅದರಲ್ಲಿಯೂ ಅವರ ಪುರೋಹಿತರ ವಶದಲ್ಲಿತ್ತು. ಯಾವುದು ಅಪರಾಧ, ಯಾವುದಕ್ಕೆ ಏನು ದಂಡನೆ ಎಂಬುದು ಸಾಮಾನ್ಯ ಪ್ರಜೆಗೆ ತೀರ್ಪು ಬಿದ್ದ ಮೇಲೆಯೇ ತಿಳಿಯುತ್ತಿತ್ತು. ಪ್ರಜೆಗಳು ಬಹುಕಾಲ ಹೋರಾಡಿದ ತರುವಾಯ, ಕ್ರಿಸ್ತಪೂರ್ವ 451-450ರ ಸುಮಾರಿಗೆ ಕಾನೂನನ್ನು ಹನ್ನೆರಡು ಹಲಗೆಗಳ ಮೇಲೆ ಬರೆಯಿಸಿ ಊರ ನಡುವಣ ಚೌಕದಲ್ಲಿ ನಿಲ್ಲಿಸಲಾಯಿತೆಂದು ಇತಿಹಾಸವು ಹೇಳುತ್ತದೆ. ದ್ವಾದಶ ಟೇಬಲುಗಳೆಂದು ಪ್ರಸಿದ್ಧವಾದವು ಇವೇ. ಆ ಕಾನೂನು ಮೃದುವಾಗಿರಲಿಲ್ಲ. ಸಾಲಗಾರನ ಪಾಲಿಗಂತೂ ಅದು ಕ್ರೂರವಾಗಿತ್ತು. ಆದರೂ ಪ್ರಜೆಗಳು ಅದನ್ನು ತಮ್ಮ ಜಯವೆಂದೇ ಎಣಿಸಿದರು. ಗುಟ್ಟಿನಲ್ಲಿದ್ದುದು ಹಲಗೆಯ ಮೇಲೆ ಬಂತೆಂಬುದೇ ಆ ಜಯ.

ಇಂಗ್ಲೆಂಡಿನ ಪಾರ್ಲಿಮೆಂಟು ಇದೇ ಭಾವವನ್ನು ತನ್ನ ಪದ್ಧತಿಯಲ್ಲಿ ಉಳಿಸಿಕೊಂಡಿದೆ. ಅಲ್ಲಿಯ ಕಾಮನ್ಸ್ ಸಭೆಯಲ್ಲಿ ಸರ್ಕಾರದ ಪಕ್ಷಕ್ಕೂ ಎದುರು ಪಕ್ಷಕ್ಕೂ ನಡುವೆ ಒಂದು ದೊಡ್ಡ ಮೇಜು ಇರುತ್ತದೆ. ಸಭೆ ಕೂಡಿರುವಾಗ ಅಧಿಕಾರದ ಲಾಂಛನವಾದ ರಾಜದಂಡವನ್ನು ಅದರ ಮೇಲೆ ಇಡುತ್ತಾರೆ. 1941ರ ಮೇ ತಿಂಗಳಲ್ಲಿ ಜರ್ಮನರ ಬಾಂಬಿಗೆ ಆ ಸಭಾಭವನವು ನಾಶವಾಗಿ, 1950ರಲ್ಲಿ ಹೊಸದಾಗಿ ಕಟ್ಟಿ ಮುಗಿದಾಗ, ಮೇಜನ್ನು ಕೆನಡಾ ದೇಶವೂ, ಪ್ರವೇಶದ್ವಾರದ ಬಾಗಿಲುಗಳನ್ನು ಭಾರತ ಪಾಕಿಸ್ತಾನಗಳೂ ಕಾಣಿಕೆಯಾಗಿ ಕೊಟ್ಟವು. ಅಲ್ಲಿ ಒಂದು ಕಾಗದವನ್ನು 'ಟೇಬಲ್ ಮಾಡಿದರು' ಎಂದರೆ, ಸಭೆಯ ಎಲ್ಲರ ವಿಚಾರಕ್ಕಾಗಿ ಮುಂದಿಟ್ಟರೆಂದು ಅರ್ಥ.

ಅಟ್ಲಾಂಟಿಕ್ ಸಮುದ್ರವನ್ನು ದಾಟಿದರೆ ಇದೇ ಮಾತು ತಲೆಕೆಳಗಾಗುತ್ತದೆ. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಒಂದು ವಿಷಯವನ್ನು ಟೇಬಲ್ ಮಾಡಬೇಕೆಂಬ ಸೂಚನೆಯ ಮೇಲೆ ಚರ್ಚೆಯೇ ಇಲ್ಲ. ಬಹುಮತ ದೊರೆತರೆ ಆ ವಿಷಯದ ಕಥೆ ಅಲ್ಲಿಗೆ ಮುಗಿಯಿತು. ಈ ಅರ್ಥಭೇದದಿಂದ ಮಹಾಯುದ್ಧದ ನಡುವೆಯೇ ಒಂದು ವಿನೋದವು ನಡೆಯಿತು. 1941ರ ಕೊನೆಯಲ್ಲಿ ವಾಷಿಂಗ್ಟನ್ನಿನಲ್ಲಿ ಉಭಯ ದೇಶಗಳ ಸೇನಾಧಿಕಾರಿಗಳು ಕೂಡಿದ್ದಾಗ, ಬ್ರಿಟಿಷರು ತುರ್ತಿನ ಒಂದು ಲೇಖನವನ್ನು ಸಿದ್ಧಪಡಿಸಿ ಅದನ್ನು ಟೇಬಲ್ ಮಾಡುವೆವೆಂದರು. ಅಮೆರಿಕದವರು, ಅದು ಮಹತ್ವದ ವಿಷಯ, ಟೇಬಲ್ ಮಾಡಕೂಡದೆಂದು ಹಟ ಹಿಡಿದರು. ಒಬ್ಬರಿಗೆ ಆ ಮಾತಿನ ಅರ್ಥ ಮುಂದಿಡುವುದು. ಮತ್ತೊಬ್ಬರಿಗೆ ಖಾನೆಯೊಳಗೆ ತಳ್ಳಿ ಮರೆತುಬಿಡುವುದು. ಬಹಳ ಹೊತ್ತು ಬಿರುಸಾದ ವಾದ ನಡೆದ ಮೇಲೆ, ಇಬ್ಬರ ಇಷ್ಟವೂ ಒಂದೇ ಎಂಬುದು ಗೊತ್ತಾಯಿತು. ಈ ಸಂಗತಿಯನ್ನು ಚರ್ಚಿಲ್ಲರು 1950ರಲ್ಲಿ ಹೊರಬಂದ ತಮ್ಮ ಯುದ್ಧೇತಿಹಾಸದ ಮೂರನೆಯ ಸಂಪುಟದಲ್ಲಿ ದಾಖಲಿಸಿದ್ದಾರೆ.

ಒಂದು ಶಬ್ದಕ್ಕೆ ಇಂತಹ ಎರಡು ವಿರುದ್ಧಾರ್ಥಗಳು ಹೇಗೆ ಬಂದವು? ಕಾರಣವು ಸ್ಪಷ್ಟವಾಗಿದೆ. ಮೇಜಿನ ಮೇಲೆ ಇಟ್ಟ ಕಾಗದವನ್ನು ಯಾರಾದರೂ ಎತ್ತಿಕೊಂಡರೆ ಅದು ಚರ್ಚೆಗೆ ಬಂದಂತೆ; ಎತ್ತಿಕೊಳ್ಳದಿದ್ದರೆ ಅಲ್ಲಿಯೇ ಬಿದ್ದಿದ್ದಂತೆ. ಇಂಗ್ಲೆಂಡಿನಲ್ಲಿಯೂ ಪ್ರಜೆಗಳ ಅರ್ಜಿಗಳನ್ನು ಸ್ವೀಕರಿಸಿ ಅವು ಮೇಜಿನ ಮೇಲೆ ಬಿದ್ದಿರಲೆಂದು ಆಜ್ಞೆ ಮಾಡುವ ಸಂಪ್ರದಾಯವಿತ್ತು. ಮುಂದಿಡುವುದಕ್ಕೂ ಮೂಲೆಗಿಡುವುದಕ್ಕೂ ಇರುವ ಅಂತರವು ಮೇಜಿನಲ್ಲಿಲ್ಲ. ಅದರ ಸುತ್ತ ಕುಳಿತವರ ಮನಸ್ಸಿನಲ್ಲಿದೆ. ಮೇಜಿನ ಆಕಾರದಲ್ಲಿಯೂ ಅದು ಇಲ್ಲವೆಂಬುದಕ್ಕೆ 1930ರಿಂದ 1932ರವರೆಗೆ ಲಂಡನ್ನಿನಲ್ಲಿ ಮೂರು ಬಾರಿ ಕೂಡಿದ ದುಂಡುಮೇಜಿನ ಪರಿಷತ್ತೇ ಸಾಕ್ಷಿ. ದುಂಡುಮೇಜಿಗೆ ತಲೆಯೂ ಇಲ್ಲ, ಬುಡವೂ ಇಲ್ಲ. ಎಲ್ಲರೂ ಅಲ್ಲಿ ಸಮಾನರು ಎಂಬುದು ಆ ಹೆಸರಿನ ಭಾವ. ಆದರೆ ಅಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದನ್ನು ನಿರ್ಣಯಿಸಿದವರು ಆಳುವವರು. ಮೇಜು ದುಂಡಾದರೂ ನ್ಯಾಯವು ದುಂಡಾಗಲಿಲ್ಲ.

ನಮ್ಮ ನಾಡಿಗೆ ಈ ಪದ್ಧತಿ ಹೊಸದಲ್ಲ. 1881ರ ದಸರೆಯ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, 144 ಮಂದಿ ಪ್ರತಿನಿಧಿಗಳ ಮುಂದೆ ಸಂಸ್ಥಾನದ ಆಡಳಿತದ ವಿವರವನ್ನು ಇಟ್ಟರು. ಆ ಸಭೆಗೆ ಮತ ಕೊಟ್ಟು ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರವಿರಲಿಲ್ಲ. ಆದರೂ ಆಳುವವರು ಪ್ರಜೆಗಳೆದುರು ಲೆಕ್ಕ ಒಪ್ಪಿಸತಕ್ಕದ್ದೆಂಬ ತತ್ವವು ಅಂದಿನಿಂದ ನಮ್ಮ ಜನರ ಕಿವಿಗೆ ಬಿತ್ತು. ರಾಜರ ಕಾಲದಲ್ಲಿ ಅನುಗ್ರಹವಾಗಿ ದೊರೆತದ್ದು, ಗಣರಾಜ್ಯದಲ್ಲಿ ನಮ್ಮ ಹಕ್ಕಾಗಿದೆ.

ಆ ಹಕ್ಕಿನ ಸ್ವರೂಪವನ್ನು ಪ್ರತಿಯೊಬ್ಬ ನಾಗರಿಕನೂ ತಿಳಿದಿರತಕ್ಕದ್ದು. ಸಂವಿಧಾನದ 151ನೆಯ ವಿಧಿಯಂತೆ ಮಹಾಲೇಖಪಾಲರ ವರದಿಗಳನ್ನು ಕೇಂದ್ರದಲ್ಲಿ ರಾಷ್ಟ್ರಪತಿಗಳು ಸಂಸತ್ತಿನ ಮುಂದೆಯೂ, ರಾಜ್ಯಗಳಲ್ಲಿ ರಾಜ್ಯಪಾಲರು ವಿಧಾನಮಂಡಲದ ಮುಂದೆಯೂ ಇಡಿಸಬೇಕು. 213ನೆಯ ವಿಧಿಯಂತೆ, ಸದನವು ಕೂಡಿಲ್ಲದಾಗ ರಾಜ್ಯಪಾಲರು ಹೊರಡಿಸಿದ ಸುಗ್ರೀವಾಜ್ಞೆಯನ್ನು ಸದನ ಕೂಡಿದಾಗ ಅದರ ಮುಂದೆ ಇಡಬೇಕು. ಸದನ ಕೂಡಿದ ಆರು ವಾರಗಳ ಅನಂತರ ಅದು ತಾನಾಗಿಯೇ ಬಿದ್ದುಹೋಗುತ್ತದೆ. ಸರ್ಕಾರದವರು ಕಾಯಿದೆಗಳ ಕೆಳಗೆ ರಚಿಸುವ ನಿಯಮಗಳನ್ನು ಸದನದ ಮುಂದೆ ಮೂವತ್ತು ದಿನ ಇಟ್ಟಿರತಕ್ಕದ್ದೆಂದು ಅನೇಕ ಕಾಯಿದೆಗಳಲ್ಲಿ ಬರೆದಿದೆ. 1952ರ ವಿಚಾರಣಾ ಆಯೋಗಗಳ ಕಾಯಿದೆಯ 3ನೆಯ ಪ್ರಕರಣವಂತೂ, ಆಯೋಗದ ವರದಿಯನ್ನೂ ಅದರ ಮೇಲೆ ಕೈಗೊಂಡ ಕ್ರಮದ ವಿವರವನ್ನೂ ಆರು ತಿಂಗಳೊಳಗಾಗಿ ಸದನದ ಮುಂದೆ ಇಡಬೇಕೆಂದು ವಿಧಿಸುತ್ತದೆ. ಅಕ್ಷರದಲ್ಲಿ ಇದಕ್ಕಿಂತ ಉತ್ತಮವಾದ ವ್ಯವಸ್ಥೆಯನ್ನು ಯಾರು ತಾನೆ ಬಯಸಿಯಾರು?

ಆದರೆ ಮಾತು ಇಂಗ್ಲೆಂಡಿನದಾದರೂ ನಡತೆ ಅಮೆರಿಕದ್ದಾಗಿದೆ. ಬಿಹಾರದಲ್ಲಿ 1989ರಲ್ಲಿ 429 ಖಾಸಗಿ ಸಂಸ್ಕೃತ ಪಾಠಶಾಲೆಗಳನ್ನು ಸರ್ಕಾರವು ಒಂದು ಸುಗ್ರೀವಾಜ್ಞೆಯ ಮೂಲಕ ವಹಿಸಿಕೊಂಡಿತು. ಅದರ ಬೆನ್ನಿಗೆ ಮತ್ತೊಂದು, ಅದರ ಬೆನ್ನಿಗೆ ಇನ್ನೊಂದು ಎಂಬಂತೆ 1992ರವರೆಗೆ ಆಜ್ಞೆಗಳ ಮಾಲೆಯೇ ಹೊರಟಿತು. ಅವುಗಳಲ್ಲಿ ಒಂದನ್ನಾದರೂ ಶಾಸನಸಭೆಯ ಮುಂದೆ ಇಡಲಿಲ್ಲ. ಕಡೆಗೆ ಆಜ್ಞೆ ಬಿದ್ದುಹೋಯಿತು. ಸರ್ಕಾರಿ ನೌಕರರಾದೆವೆಂದು ನಂಬಿದ್ದ ಪಾಠಶಾಲೆಯ ಉಪಾಧ್ಯಾಯರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು ಬಹುಮತದಿಂದ ತೀರ್ಪು ಕೊಟ್ಟಿತು: ಸುಗ್ರೀವಾಜ್ಞೆಯನ್ನು ಸದನದ ಮುಂದೆ ಇಡುವುದು ಸರ್ಕಾರದ ಇಷ್ಟಕ್ಕೆ ಬಿಟ್ಟ ವಿಷಯವಲ್ಲ, ಸಂವಿಧಾನದ ಕಡ್ಡಾಯ ಕರ್ತವ್ಯ, ಅದನ್ನು ಮೀರಿ ಮತ್ತೆ ಮತ್ತೆ ಆಜ್ಞೆ ಹೊರಡಿಸುವುದು ಸಂವಿಧಾನಕ್ಕೆ ಮಾಡಿದ ವಂಚನೆ. ಸಿದ್ಧಾಂತವು ಗೆದ್ದಿತು. ಉಪಾಧ್ಯಾಯರಿಗೋ, ಆವರೆಗೆ ಪಡೆದ ಸಂಬಳವನ್ನು ಹಿಂದಕ್ಕೆ ಕೊಡಬೇಕಾಗಿಲ್ಲವೆಂಬ ಸಮಾಧಾನವನ್ನು ಬಿಟ್ಟರೆ ಬೇರೇನೂ ದಕ್ಕಲಿಲ್ಲ. ಒಂದು ಕಾಗದವನ್ನು ಮೇಜಿನ ಮೇಲೆ ಇಡದಿದ್ದರೆ ಯಾರಿಗೇನು ನಷ್ಟ ಎಂದು ಕೇಳುವವರಿಗೆ ಈ ಪಾಠಶಾಲೆಗಳೇ ಉತ್ತರ.

ಎರಡನೆಯ ನಿದರ್ಶನವು ಇನ್ನೂ ವಿಚಿತ್ರವಾದುದು. 1984ರ ಅಕ್ಟೋಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಅದರ ವಿಚಾರಣೆಗಾಗಿ ನ್ಯಾಯಮೂರ್ತಿ ಠಕ್ಕರ್ ಅವರ ಆಯೋಗವು ನೇಮಕವಾಗಿ ವರದಿಯನ್ನೂ ಒಪ್ಪಿಸಿತು. ಅದನ್ನು ಸಂಸತ್ತಿನ ಮುಂದೆ ಇಡಬೇಕಾಗಿದ್ದ ಸರ್ಕಾರವು 1986ರಲ್ಲಿ ಕಾನೂನನ್ನೇ ತಿದ್ದಿ, ದೇಶದ ಭದ್ರತೆಯ ಕಾರಣದಿಂದ ವರದಿಗಳನ್ನು ತಡೆಹಿಡಿಯುವ ಅಧಿಕಾರವನ್ನು ಪಡೆದುಕೊಂಡಿತು. 1989ರ ಮಾರ್ಚಿಯಲ್ಲಿ ಒಂದು ಪತ್ರಿಕೆಯು ವರದಿಯ ಭಾಗಗಳನ್ನು ಹೊರಗೆಡಹಿದ ಮೇಲೆ ಅದು ಸಂಸತ್ತಿನ ಮುಂದೆ ಬಂತು. 1990ರಲ್ಲಿ ಆ ತಿದ್ದುಪಡಿಯೂ ರದ್ದಾಯಿತು. ಮೇಜಿನ ಮೇಲೆ ಬರಬೇಕಾದದ್ದು ಬೀದಿಯ ಮಾರ್ಗವಾಗಿ ಬಂತಲ್ಲದೆ, ತಡೆದಿಟ್ಟುದರಿಂದ ಸಂಶಯವು ಬೆಳೆಯಿತೇ ಹೊರತು ಭದ್ರತೆಯೇನೂ ಬೆಳೆಯಲಿಲ್ಲ.

ಅಧಿಕಾರಿ ವರ್ಗದವರ ಸಮಾಧಾನವೂ ನಮಗೆ ತಿಳಿಯದುದಲ್ಲ. ರಾಜ್ಯಕ್ಕೆ ಗುಟ್ಟುಗಳಿರುತ್ತವೆ, ಸೇನೆಯ ವಿಷಯವನ್ನೆಲ್ಲ ಸಂತೆಯಲ್ಲಿ ಹರಡಲಾಗದು ಎಂದು ಅವರು ಹೇಳುತ್ತಾರೆ. ನಿಜ. ಆದರೆ ಗುಟ್ಟಿಗೂ ಒಂದು ಆಯಸ್ಸು ಇರಬೇಡವೆ? 1962ರ ಚೀನಾ ಯುದ್ಧದ ಸೋಲನ್ನು ಕುರಿತು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಇಬ್ಬರು ಸೇನಾಧಿಕಾರಿಗಳು 1963ರಲ್ಲಿ ವರದಿಯನ್ನೊಪ್ಪಿಸಿದರು. ಅರ್ಧ ಶತಮಾನವೇ ಉರುಳಿದರೂ ಅದು ಸದನದ ಮೇಜನ್ನು ಕಾಣಲಿಲ್ಲ. 2014ರಲ್ಲಿ ಅದರ ಭಾಗಗಳನ್ನು ಪ್ರಕಟಿಸಿದವರು ಪರದೇಶದ ಒಬ್ಬ ಪತ್ರಿಕಾಕರ್ತರು. ಅಂದು ಹಿಮದಲ್ಲಿ ಮಡಿದವರ ಮಕ್ಕಳು ಮೊಮ್ಮಕ್ಕಳು ಸತ್ಯವನ್ನು ತಮ್ಮ ಸದನದಿಂದ ಕೇಳಬೇಕಾಗಿತ್ತಲ್ಲದೆ ಅನ್ಯರ ಬಾಯಿಂದಲ್ಲ.

ಪತ್ರಿಕೆಗಳ ದೃಷ್ಟಿಯಿಂದಲೂ ಮೇಜಿನ ಮಹತ್ವವು ಕಡಿಮೆಯಲ್ಲ. ಸದನದ ನಡವಳಿಕೆಯನ್ನು ಯಥಾರ್ಥವಾಗಿ, ದ್ವೇಷವಿಲ್ಲದೆ ಪ್ರಕಟಿಸುವ ಪತ್ರಿಕೆಗೆ ರಕ್ಷಣೆಯಿರಬೇಕೆಂದು ಫಿರೋಜ್ ಗಾಂಧಿಯವರು ಶ್ರಮಿಸಿ 1956ರಲ್ಲಿ ಒಂದು ಕಾಯಿದೆಯನ್ನು ಮಾಡಿಸಿದರು. 1978ರಲ್ಲಿ 361-ಎ ವಿಧಿಯಾಗಿ ಆ ರಕ್ಷಣೆಯು ಸಂವಿಧಾನದೊಳಗೇ ಸೇರಿತು. ಆದುದರಿಂದ ಕಾಗದವು ಸದನದ ಮುಂದೆ ಬಂದರೆ ಸಂಪಾದಕನು ಧೈರ್ಯದಿಂದ ಬರೆಯಬಹುದು. ಬಾರದಿದ್ದರೆ ಗಾಳಿಮಾತನ್ನು ನಂಬಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕು. ಎರಡೂ ದೇಶಕ್ಕೆ ಹಿತವಲ್ಲ.

ಕನ್ನಡದ ಒಂದು ಮಾತನ್ನೂ ಇಲ್ಲಿ ಹೇಳಬೇಕಾಗಿದೆ. ವಿಧೇಯಕವನ್ನು ತರುವುದಕ್ಕೂ, ಆಯವ್ಯಯವನ್ನು ಒಪ್ಪಿಸುವುದಕ್ಕೂ, ವರದಿಯನ್ನು ಮೇಜಿನ ಮೇಲೆ ಇಡುವುದಕ್ಕೂ ಮಂಡಿಸುವುದೆಂಬ ಒಂದೇ ಶಬ್ದವು ಬಳಕೆಯಲ್ಲಿದೆ. ವರದಿ ಮಂಡನೆಯಾಯಿತೆಂದು ಓದಿದವರು, ಸದನವು ಅದನ್ನು ಓದಿ ಚರ್ಚಿಸಿತೆಂದು ಭಾವಿಸುತ್ತಾರೆ. ಅಧಿವೇಶನದ ಕಡೆಯ ದಿನದ ಗದ್ದಲದಲ್ಲಿ ಕಾಗದದ ಕಟ್ಟನ್ನು ಇಟ್ಟು ಹೋದರೂ ಅದು ಮಂಡನೆಯೇ! ವಿಧೇಯಕಕ್ಕೆ ಮಂಡಿಸುವುದೆಂಬ ಮಾತಿರಲಿ. ವರದಿಗೆ 'ಸದನದ ಮುಂದಿಟ್ಟರು' ಎಂಬ ನೇರವಾದ ಮಾತು ಸಾಕು. ಚರ್ಚೆ ನಡೆದಿದ್ದರೆ ನಡೆಯಿತೆಂದೂ, ಇಲ್ಲದಿದ್ದರೆ ಇಲ್ಲವೆಂದೂ ಬೇರೆಯಾಗಿ ತಿಳಿಸತಕ್ಕದ್ದು.

ಇನ್ನು ಮಾಡಬೇಕಾದುದೇನು? 151ನೆಯ ವಿಧಿಯಲ್ಲಿ ವರದಿಯನ್ನು ಇಡಬೇಕೆಂದಿದೆ. ಎಷ್ಟು ದಿನಗಳೊಳಗೆ ಎಂಬುದಿಲ್ಲ. ಆ ಕೊರತೆಯನ್ನು ತುಂಬಿ, ವರದಿ ಕೈಸೇರಿದ ಅನಂತರದ ಮೊದಲನೆಯ ಅಧಿವೇಶನದಲ್ಲಿಯೇ ಅದನ್ನು ಇಡಬೇಕೆಂಬ ನಿಯಮವಾಗಲಿ. ಸದನದ ಮೇಜಿನ ಮೇಲೆ ಇಡುವ ಕಾಗದಗಳ ವಿಳಂಬವನ್ನು ಪರಿಶೀಲಿಸಲು ಲೋಕಸಭೆಯು 1975ರಿಂದ ಒಂದು ಸಮಿತಿಯನ್ನೇ ಇಟ್ಟುಕೊಂಡಿದೆ. ಅಂತಹ ಸಮಿತಿಗಳ ಮಾತಿಗೆ ಸರ್ಕಾರಗಳು ಕಿವಿಗೊಡಲಿ. ನಮ್ಮ ರಾಜ್ಯದ ಸದನದ ಮುಂದೆ ಬಂದ ಪ್ರತಿಯೊಂದು ವರದಿಯ ಸಾರಾಂಶವೂ ತಿಳಿಗನ್ನಡದಲ್ಲಿ ಅಂದೇ ಪ್ರಕಟವಾಗಿ, ಜಿಲ್ಲೆ ತಾಲ್ಲೂಕುಗಳ ಪುಸ್ತಕ ಭಂಡಾರಗಳಿಗೆ ತಲುಪಲಿ. ಪ್ರಜೆಗೆ ಓದಲಾಗದ ಭಾಷೆಯಲ್ಲಿ ಇಟ್ಟ ಕಾಗದವು ಮುಕ್ಕಾಲು ಪಾಲು ಖಾನೆಯಲ್ಲಿದ್ದಂತೆಯೇ ಸರಿ.

ಅಂತಿಮವಾಗಿ ಹೊಣೆಯು ಪ್ರಜೆಗಳದೇ. ತಮ್ಮ ಕ್ಷೇತ್ರದ ಪ್ರತಿನಿಧಿಯನ್ನು ಕಂಡಾಗ ರಸ್ತೆ, ನೀರು, ವರ್ಗಾವಣೆಗಳ ಜೊತೆಗೆ ಇದೊಂದನ್ನೂ ಅವರು ಕೇಳಲಿ: "ಸ್ವಾಮಿ, ಈ ಸಲದ ಲೆಕ್ಕ ತಪಾಸಣೆಯ ವರದಿ ಸದನದ ಮುಂದೆ ಬಂತೆ? ತಾವು ಅದನ್ನು ಓದಿದಿರಾ?" ಹತ್ತು ಊರುಗಳಲ್ಲಿ ಹತ್ತು ಜನರು ಹೀಗೆ ಕೇಳತೊಡಗಿದರೆ, ಬೀಗ ಹಾಕಿದ ಎಷ್ಟೋ ಖಾನೆಗಳು ತಾವಾಗಿಯೇ ತೆರೆದುಕೊಳ್ಳುವುವೆಂಬುದರಲ್ಲಿ ನಮಗೆ ಸಂದೇಹವಿಲ್ಲ.