ತಟ್ಟಿ ಕೇಳಿದ ಕಪ್ಪುಕುಳಿ

ನಮ್ಮ ತಿಪಟೂರಿನ ಕಡೆ ಕಾಯಿ ಒಣಗಿದೆಯೋ ಇಲ್ಲವೋ ಎಂದು ಯಾರೂ ಒಡೆದು ನೋಡುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಳೆದ ಕಾಯಿಯನ್ನು ನಮ್ಮಜ್ಜ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದರು. ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಗಡಗಡ ಉರುಳಿದರೆ ಸುಲಿಯಲು ಕೆಳಗಿಳಿಸುವುದು, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಸಂತೆಯಲ್ಲಿ ಅವ್ವ ಮಡಕೆ ಕೊಳ್ಳುತ್ತಿದ್ದದ್ದೂ ಹಾಗೆಯೇ. ಬೆರಳ ಗೆಣ್ಣಿನಿಂದ ಒಂದು ಪೆಟ್ಟು. ಟಣ್ ಎಂದು ದನಿ ಎಳೆದರೆ ಚೌಕಾಸಿ ಶುರು. ಡಬ್ ಎಂದು ಅಲ್ಲೇ ಸತ್ತರೆ, ಕಣ್ಣಿಗೆ ಕಾಣದಿದ್ದರೂ ಎಲ್ಲೋ ಬಿರುಕಿದೆ ಎಂದು ಪಕ್ಕಕ್ಕಿಡುತ್ತಿದ್ದಳು.

ಇಷ್ಟೆಲ್ಲ ನೋಡಿ ಬೆಳೆದು, ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿಯೂ, ಒಂದು ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಡಲಾಗದೆ ಹೋದೆ.

1993ರಲ್ಲಿ ಮಕ್ಕಳನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಪ್ರದರ್ಶನ ಮುಗಿಸಿ ಹೊರಗೆ ಮರದ ನೆರಳಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿದ್ದೆವು. ಒಬ್ಬ ಹುಡುಗಿ ಕೇಳಿದಳು: "ಸಾರ್, ಬೆಳಕೇ ಹೊರಗೆ ಬರಲ್ಲ ಅಂದ್ಮೇಲೆ, ಅಲ್ಲಿರೋದು ಕಪ್ಪುಕುಳೀನೇ ಅಂತ ಹೆಂಗ್ ಗೊತ್ತಾಗುತ್ತೆ?"

"ಅಕ್ಕಪಕ್ಕದ ನಕ್ಷತ್ರ ಹೇಗೆ ಓಡಾಡುತ್ತೆ ಅಂತ ನೋಡಿ ಊಹೆ ಮಾಡ್ತಾರಮ್ಮ. ಅದಾಗಿ ಅದು ಏನೂ ಹೇಳಲ್ಲ" ಎಂದುಬಿಟ್ಟೆ.

ಅದು ತಪ್ಪು. ಕಪ್ಪುಕುಳಿ ತನ್ನ ಗುರುತನ್ನು ತಾನೇ ಹೇಗೆ ಹೇಳಬಲ್ಲದು ಎಂಬುದು ಅಷ್ಟರಲ್ಲಾಗಲೇ ಅಚ್ಚಾಗಿ 23 ವರ್ಷವಾಗಿತ್ತು. ಬರೆದವರು ಬೇರೆ ಯಾರೂ ಅಲ್ಲ, ನಾವು ಯಾವ ತಾರಾಲಯದ ಅಂಗಳದಲ್ಲಿ ಕೂತಿದ್ದೆವೋ ಅದರ ಸ್ಥಾಪಕ ನಿರ್ದೇಶಕರಾದ ಸಿ.ವಿ. ವಿಶ್ವೇಶ್ವರ.

ವಿಶ್ವೇಶ್ವರ ಬೆಂಗಳೂರಿನವರು, ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋದರು. ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಸಂಶೋಧನೆಗೆ ಕೂತಾಗ ಕಪ್ಪುಕುಳಿ ಎಂಬ ಹೆಸರೇ ಇನ್ನೂ ಹೊಸದು. ಅಂಥದ್ದು ನಿಜಕ್ಕೂ ಇದೆಯೇ ಎಂದು ಹಲವರು ಅನುಮಾನಪಡುತ್ತಿದ್ದ ಕಾಲ. ಅವರು ಮೊದಲು ಹಿಡಿದದ್ದು ಬಲು ಸರಳವಾದ ಪ್ರಶ್ನೆ: ಕಪ್ಪುಕುಳಿಯನ್ನು ಕೊಂಚ ಅಲುಗಿಸಿದರೆ ಅದು ಚೂರಾಗುತ್ತದೆಯೇ, ಸಾವರಿಸಿಕೊಳ್ಳುತ್ತದೆಯೇ? ಸಾವರಿಸಿಕೊಳ್ಳುತ್ತದೆ ಎಂದು ಲೆಕ್ಕ ಹೇಳಿತು. ಹಾಗಾದರೆ ಮುಂದಿನ ಪ್ರಶ್ನೆ: ಸಾವರಿಸಿಕೊಳ್ಳುವಾಗ ಸದ್ದು ಮಾಡುತ್ತದೆಯೇ?

ಇಲ್ಲಿ ಸದ್ದು ಎಂದರೆ ಗಾಳಿಯಲ್ಲಿ ಬರುವ ಸದ್ದಲ್ಲ, ಗುರುತ್ವ ತರಂಗ. ಭಾರವಾದ ವಸ್ತುಗಳು ರಭಸದಿಂದ ಸುತ್ತಿದರೆ, ಡಿಕ್ಕಿ ಹೊಡೆದರೆ, ದೇಶಕಾಲವೇ ಅಲೆಯಾಗಿ ಹರಡುತ್ತದೆ ಎಂದು ಐನ್‌ಸ್ಟೈನ್ 1916ರಲ್ಲಿ ಹೇಳಿದ್ದರು. ವಿಶ್ವೇಶ್ವರ ಅಂಥ ಅಲೆಯ ಒಂದು ತುಣುಕನ್ನು ಲೆಕ್ಕದಲ್ಲೇ ಕಪ್ಪುಕುಳಿಯತ್ತ ಎಸೆದು ಏನು ವಾಪಸ್ ಬರುತ್ತದೆಂದು ಕಾದರು. ಅಗಲವಾದ ಅಲೆ ಎಸೆದರೆ ವಿಶೇಷವೇನೂ ಇಲ್ಲ. ಮಡಕೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಿದ ಹಾಗೆ. ಅಲೆಯನ್ನು ಕಿರಿದು ಮಾಡುತ್ತಾ ಕುಳಿಯ ಗಾತ್ರದಷ್ಟಕ್ಕೆ ತಂದಾಗ ಗೆಣ್ಣಿನ ಪೆಟ್ಟು ಬಿತ್ತು. ವಾಪಸ್ ಬಂದ ಅಲೆಯ ಬಾಲದಲ್ಲಿ ಒಂದು ಕಂಪನವಿತ್ತು, ಕ್ಷಣಾರ್ಧದಲ್ಲಿ ಅಡಗುವ ಕಂಪನ. 1970ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಮಡಕೆಯಲ್ಲಿ ನಡುಗುವುದು ಮಣ್ಣು. ಕಪ್ಪುಕುಳಿಗೆ ಮಣ್ಣೂ ಇಲ್ಲ, ಮೈಯೂ ಇಲ್ಲ. ಅದರ ಅಂಚಿನ ಹೊರಗೆ ಬಿಗಿಯಾಗಿ ಬಾಗಿದ ದೇಶಕಾಲವೇ ನಡುಗುತ್ತದೆ. ಕುಳಿಯ ಒಳಗಿಂದ ಏನೂ ಬರದಿದ್ದರೂ ದನಿ ಕೇಳುವುದು ಇದರಿಂದ. ಪೆಟ್ಟು ಕೊಟ್ಟವರಾರು ಎಂಬುದು ಆ ಕೊನೆಯ ದನಿಯಲ್ಲಿ ಉಳಿಯುವುದಿಲ್ಲ, ಪೆಟ್ಟು ತಿಂದದ್ದರ ಗುರುತು ಮಾತ್ರ ಉಳಿಯುತ್ತದೆ. ದನಿ ಎಷ್ಟು ತಗ್ಗು, ಎಷ್ಟು ಬೇಗ ಅಡಗಿತು ಎಂಬ ಎರಡೇ ಅಂಶದಿಂದ ಕುಳಿಯ ತೂಕವನ್ನೂ ಅದು ತಿರುಗುತ್ತಿರುವ ವೇಗವನ್ನೂ ಲೆಕ್ಕ ಹಾಕಬಹುದು. ಸೂರ್ಯನ ಹತ್ತು ಪಟ್ಟು ತೂಕದ, ತಿರುಗದ ಕಪ್ಪುಕುಳಿಯ ದನಿ ಸೆಕೆಂಡಿಗೆ ಸುಮಾರು 1,200 ಕಂಪನ. ತೂಕ ಹೆಚ್ಚಿದಷ್ಟೂ ದನಿ ಇಳಿಯುತ್ತದೆ. ದೊಡ್ಡ ಗುಡಾಣ, ದಪ್ಪ ದನಿ.

ಲೆಕ್ಕವೇನೋ ಆಯಿತು, ಕೇಳುವುದು ಹೇಗೆ? ಅಮೆರಿಕದ ಲೈಗೋ ವೀಕ್ಷಣಾಲಯಗಳು ಎರಡು, ಒಂದು ಲಿವಿಂಗ್‌ಸ್ಟನ್‌ನಲ್ಲಿ, ಇನ್ನೊಂದು ಹ್ಯಾನ್‌ಫರ್ಡ್‌ನಲ್ಲಿ. ಎರಡರಲ್ಲೂ ಎಲ್ ಆಕಾರದ, 4 ಕಿಲೋಮೀಟರ್ ಉದ್ದದ ತೋಳುಗಳು. ಅಲೆ ಹಾದಾಗ ತೋಳಿನ ಉದ್ದದಲ್ಲಾಗುವ ಬದಲಾವಣೆ ಒಂದು ಪ್ರೋಟಾನಿನ ಅಗಲದ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ಲಾರಿ ಹೋದರೆ, ದೂರದ ಸಮುದ್ರ ಉಕ್ಕಿದರೆ ಅದಕ್ಕಿಂತ ಹೆಚ್ಚು ನೆಲ ಅದುರುತ್ತದೆ. ನಮ್ಮ ಲ್ಯಾಬಿನ ಆಸಿಲೋಸ್ಕೋಪಿನ ತಂತಿಯನ್ನು ಬೆರಳಲ್ಲಿ ಮುಟ್ಟಿದರೆ ಸಾಕು, ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಪರದೆ ತುಂಬಾ ಹರಿಯುತ್ತಿತ್ತು. ಅಲ್ಲಿಯೂ ಅಂಥದ್ದೇ ಗುಂಯ್‌ಗುಡುವಿಕೆ, 60 ಹರ್ಟ್ಸ್‌ನದು.

ಇಂಥ ಗದ್ದಲದಿಂದ ದನಿ ಹೆಕ್ಕುವುದಕ್ಕೆ ಒಂದು ದಾರಿಯಿದೆ. ಚಿಕ್ಕಂದಿನಲ್ಲಿ ಮಳೆಗಾಲದ ರಾತ್ರಿ ಭದ್ರಾವತಿ ಆಕಾಶವಾಣಿ ಕೇಳುವಾಗ ಮಾತಿಗಿಂತ ಗೊರಗೊರವೇ ಜಾಸ್ತಿ. ಆದರೂ ಗೊತ್ತಿರುವ ಹಾಡಾದರೆ ಹಿಡಿದುಬಿಡುತ್ತಿದ್ದೆವು. ಹಾಡು ತಲೆಯೊಳಗೆ ಮೊದಲೇ ಇದೆ, ಕಿವಿ ಅದನ್ನು ಗೊರಗೊರದ ಮೇಲಿಟ್ಟು ತಾಳೆ ನೋಡುತ್ತದೆ. ಗೊತ್ತಿಲ್ಲದ ಹಾಡಾದರೆ ಗದ್ದಲದಲ್ಲೇ ಕರಗಿಹೋಗುತ್ತಿತ್ತು. ಸಂಕೇತ ವಿಶ್ಲೇಷಣೆಯವರು ಇದನ್ನು ಮ್ಯಾಚ್ಡ್ ಫಿಲ್ಟರ್ ಎನ್ನುತ್ತಾರೆ. ಬರಬಹುದಾದ ಅಲೆಯ ಅಚ್ಚನ್ನು ಮೊದಲೇ ತಯಾರಿಸಿ, ಉಪಕರಣದ ದಾಖಲೆಯ ಮೇಲೆ ಜರುಗಿಸುತ್ತಾ ಎಲ್ಲಿ ತಾಳೆಯಾಗುತ್ತದೆಂದು ನೋಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್‌ಗಾಗಿ ಹುಟ್ಟಿದ ಉಪಾಯವಿದು. ನಿಮ್ಮ ಮೊಬೈಲಿನ ಮ್ಯಾಪ್ ದಾರಿ ತೋರಿಸುವುದೂ ಇದೇ ಬಗೆಯ ತಾಳೆಯಿಂದಲೇ. ಜಿಪಿಎಸ್ ಉಪಗ್ರಹದ ಸಂಕೇತ ನಮ್ಮನ್ನು ತಲುಪುವಾಗ ಗದ್ದಲಕ್ಕಿಂತ ಕೆಳಗೆ ಹುದುಗಿರುತ್ತದೆ. ಅದರ ವಿನ್ಯಾಸ ಫೋನಿಗೆ ಮೊದಲೇ ಗೊತ್ತಿರುವುದರಿಂದ ಹೆಕ್ಕಿಕೊಳ್ಳುತ್ತದೆ.

ಹಾಗಾಗಿ ಉಪಕರಣ ಕಟ್ಟಿದರಷ್ಟೇ ಸಾಲದು, ಹಾಡು ಗೊತ್ತಿರಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಾಲಾ ಅಯ್ಯರ್ ಅವರು ಫ್ರಾನ್ಸಿನ ಲುಕ್ ಬ್ಲಾಂಶೆ, ತಿಬೋ ದಮೂರ್ ಜೊತೆಗೂಡಿ, ಎರಡು ಕಾಯಗಳು ಸುತ್ತುತ್ತಾ ಹತ್ತಿರವಾಗುವಾಗ ಹೊಮ್ಮುವ ಅಲೆಯ ಆಕಾರವನ್ನು ಸೂಕ್ಷ್ಮವಾಗಿ ಲೆಕ್ಕ ಹಾಕಿದರು. ಪುಣೆಯ ಸಂಜೀವ್ ಧುರಂಧರ್ ಮತ್ತು ಬಿ.ಎಸ್. ಸತ್ಯಪ್ರಕಾಶ್ 1991ರಲ್ಲೇ ಇಂಥ ಅಚ್ಚುಗಳನ್ನು ಹೇಗೆ ಆರಿಸಿ ಜೋಡಿಸಿಕೊಳ್ಳಬೇಕೆಂದು ಬರೆದರು.

2015ರ ಸೆಪ್ಟೆಂಬರ್ 14, ಸೋಮವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ನಾನು ಲ್ಯಾಬಿನಲ್ಲಿ ಮಕ್ಕಳಿಗೆ ಅನುರಣನದ ಪ್ರಯೋಗ ಮಾಡಿಸುತ್ತಿದ್ದೆ. ರಬ್ಬರ್ ಪ್ಯಾಡಿಗೆ ಶ್ರುತಿಕವೆ ಬಡಿಯುವುದು, ಗಾಜಿನ ಕೊಳವೆಯ ಬಾಯಿಗೆ ಹಿಡಿಯುವುದು. ಅದೇ ಹೊತ್ತಿಗೆ ಲಿವಿಂಗ್‌ಸ್ಟನ್‌ಗೆ ಒಂದು ಅಲೆ ತಲುಪಿತು, ಸೆಕೆಂಡಿನ ಸಾವಿರದ 7 ಪಾಲು ತಡವಾಗಿ ಹ್ಯಾನ್‌ಫರ್ಡ್‌ಗೆ. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಒಂದಾಗಿದ್ದವು. ಉಳಿದದ್ದು 62. ಕಾಣೆಯಾದ ಮೂರು ಸೂರ್ಯರಷ್ಟು ತೂಕ ಅಲೆಯಾಗಿ ಹೊರಟುಹೋಗಿತ್ತು.

ಆ ಸಂಕೇತ ಜೋರಾಗಿತ್ತು, ಅಚ್ಚಿನ ಹಂಗಿಲ್ಲದೆ ಹುಡುಕುವ ಕಾರ್ಯಕ್ರಮಕ್ಕೇ ಮೂರು ನಿಮಿಷದೊಳಗೆ ಸಿಕ್ಕಿತು. ಬಳಿಕ ಸುಮಾರು 2,50,000 ಅಚ್ಚುಗಳ ಜೊತೆ ತಾಳೆ ನೋಡಿ ಖಚಿತಪಡಿಸಿದರು. ಅದೇ ಡಿಸೆಂಬರ್ 26ರಂದು ಬಂದ ಎರಡನೆಯದು ಹಾಗಲ್ಲ. ದಾಖಲೆಯಲ್ಲಿ ಬರಿಗಣ್ಣಿಗೆ ಏನೇನೂ ಕಾಣದು, ಅಚ್ಚು ಇಲ್ಲದಿದ್ದರೆ ಗದ್ದಲದಲ್ಲೇ ಹೂತುಹೋಗುತ್ತಿತ್ತು.

ಸೆಪ್ಟೆಂಬರಿನ ಆ ಸಂಕೇತದ ಬಾಲದಲ್ಲಿತ್ತು ವಿಶ್ವೇಶ್ವರರು 45 ವರ್ಷ ಹಿಂದೆ ಹೇಳಿದ ಕಂಪನ. ಸೆಕೆಂಡಿಗೆ ಸುಮಾರು 250. ಅದನ್ನೋದಿದಾಗ ಎದ್ದು ಹೋಗಿ ಲ್ಯಾಬಿನ ಪೆಟ್ಟಿಗೆ ತೆಗೆದೆ. ನಾನು ದಿನಾ ಬಡಿಯುತ್ತಿದ್ದ ಕವೆಯ ಮೇಲೆ ಕೊರೆದಿದ್ದ ಸಂಖ್ಯೆ 256. ಹೆಚ್ಚುಕಡಿಮೆ ಅದೇ ಶ್ರುತಿ! ಆದರೆ ಕವೆಯ ದನಿ ಕೊಳವೆಯ ಬಾಯಲ್ಲಿ ಎಷ್ಟೋ ಹೊತ್ತು ನಿಲ್ಲುತ್ತದೆ. ಕಪ್ಪುಕುಳಿಯದು ಸೆಕೆಂಡಿನ ಸಾವಿರದ 4 ಪಾಲಿನಲ್ಲಿ, ಅಂದರೆ ಒಂದೇ ಒಂದು ಕಂಪನ ಮುಗಿಯುವಷ್ಟರಲ್ಲಿ, ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ. ಅದರ ಕಂಪನ ಹೊರಗೂ ಸೋರುತ್ತದೆ, ಒಳಗೂ ಬಿದ್ದುಹೋಗುತ್ತದೆ. ಅವ್ವ ತಟ್ಟಿ ನೋಡಿದ್ದರೆ ಪಕ್ಕಕ್ಕಿಡುತ್ತಿದ್ದಳು, ಕೊಳ್ಳುತ್ತಿರಲಿಲ್ಲ.

ಈ ಸುದ್ದಿ ಹೊರಬಿದ್ದದ್ದು 2016ರ ಫೆಬ್ರುವರಿ 11ರಂದು. ವಿಶ್ವೇಶ್ವರ 2017ರ ಜನವರಿಯಲ್ಲಿ ತೀರಿಕೊಂಡರು. ತಮ್ಮ ಲೆಕ್ಕ ನಿಜವಾದದ್ದನ್ನು ಕಂಡೇ ಹೋದರು ಎಂಬುದೊಂದು ಸಮಾಧಾನ. 2025ರ ಸಂಕ್ರಾಂತಿಯ ದಿನ, ಜನವರಿ 14ರಂದು, ಮೊದಲಿನದಕ್ಕಿಂತ ಮೂರು ಪಟ್ಟು ಸ್ಪಷ್ಟವಾದ ಸಂಕೇತ ಸಿಕ್ಕಿತು. ಅದರ ಬಾಲದಲ್ಲಿ ಒಂದಲ್ಲ, ಎರಡು ಸ್ವರಗಳನ್ನು ಬಿಡಿಸಿ ನೋಡಿದರು. ಎರಡೂ ಒಂದೇ ತೂಕ, ಒಂದೇ ತಿರುಗುವಿಕೆಯತ್ತ ಬೆರಳು ತೋರಿಸಿದವು. ಕಪ್ಪುಕುಳಿಯಲ್ಲದೆ ಬೇರೇನಾದರೂ ಆಗಿದ್ದರೆ ಅವು ಹೀಗೆ ಒಪ್ಪಿಕೊಳ್ಳಬೇಕಿರಲಿಲ್ಲ.

ಪುಳಿಯೋಗರೆ ತಿನ್ನುತ್ತಾ ಕೇಳಿದ ಆ ಹುಡುಗಿ ಈಗ ಎಲ್ಲಿದ್ದಾಳೋ, ಐವತ್ತರ ಹತ್ತಿರ ಬಂದಿರಬೇಕು. ಇದು ಅವಳ ಕಣ್ಣಿಗೆ ಬಿದ್ದರೆ, ಮೂವತ್ತು ವರ್ಷ ತಡವಾದ ಉತ್ತರ ಇಷ್ಟು: ತಟ್ಟಿ ಕೇಳಿ ತಿಳಕೊಂಡರು ಕಣಮ್ಮ. ತಟ್ಟುವ ಮೊದಲೇ, ಅದು ಹೇಗೆ ಸದ್ದು ಮಾಡುತ್ತೆ ಅಂತ ನಮ್ಮವರೊಬ್ಬರು ಬರೆದಿಟ್ಟಿದ್ದರು.