ಕೆಲಸದ ಮೇಲೆ ಒಲವು ಹುಟ್ಟುವುದು ಹೇಗೆ?

ಮೊನ್ನೆ ನಮ್ಮ ಸಂಘದ ಸಮಾರಂಭ ಮುಗಿದು ಎಲ್ಲರೂ ಕಾಫಿ ಕುಡಿಯುತ್ತ ನಿಂತಿದ್ದೆವು. ಹುಬ್ಬಳ್ಳಿಯ ಕಡೆಯಿಂದ ಹೊಸದಾಗಿ ನಾಗಪುರಕ್ಕೆ ನೌಕರಿಗೆ ಬಂದ ತರುಣನೊಬ್ಬ ನಮ್ಮಲ್ಲಿಯ ಹಿರಿಯರೊಬ್ಬರ ಮುಂದೆ ಮನಸ್ಸು ಬಿಚ್ಚಿದ.

"ಕಾಕಾ, ಪಗಾರ ಚಲೋ ಐತಿ. ಆದರ ಸೋಮವಾರ ಬಂತಂದ್ರ ಎದ್ದು ಹೋಗಾಕ ಮನಸ್ಸ ಆಗೂದಿಲ್ಲ. ಹೊಸದೇನರ ಮಾಡೂಣು ಅಂದರ, 'ಅದೆಲ್ಲಾ ನಿನಗ್ಯಾಕ ಬೇಕು' ಅಂತಾರ."

ಹಿರಿಯರು ನಕ್ಕರು. "ತಮ್ಮಾ, ನಾನು ನಲವತ್ತು ವರ್ಷ ನೌಕರಿ ಮಾಡೀನಿ. ಅದರಾಗ ಒಬ್ಬ ಸಾಹೇಬರ ಕೈಯಾಗ ಮೂರು ವರ್ಷ ಇದ್ದೆ. ಉಳಿದದ್ದೆಲ್ಲಾ ಮರ್ತೈತಿ. ಆ ಮೂರು ವರ್ಷ ಮಾತ್ರ ಇನ್ನೂ ನೆನಪೈತಿ."

ಈ ಮಾತು ನಮ್ಮನ್ನು ಬಹಳ ಹೊತ್ತು ಕಾಡಿತು. ಶ್ರದ್ಧೆಯಿಂದ ದುಡಿ, ಕೆಲಸವನ್ನು ಪ್ರೀತಿಸು ಎಂದು ದುಡಿಯುವವನಿಗೆ ಉಪದೇಶ ಮಾಡುವವರು ಬೇಕಾದಷ್ಟು ಜನ. ಕಾಯಕದ ಹಿರಿಮೆಯನ್ನು ಹೇಳುವ ನಾಡಿನಿಂದ ಬಂದ ನಮಗೆ ಆ ಉಪದೇಶ ಹೊಸದೂ ಅಲ್ಲ. ಆದರೆ ಆ ಪ್ರೀತಿ ಉಳಿಯುವಂತೆ ಮಾಡುವ ಹೊಣೆ ಕೆಲಸ ಕೊಡುವವನ ಮೇಲೂ ಇಲ್ಲವೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಗಾಂಧೀಸಾಗರ ಕೆರೆಯ ಬಳಿ ಇಂದು ಎಂಪ್ರೆಸ್ ಮಾಲ್ ನಿಂತಿರುವ ನೆಲವೇ ಅದನ್ನು ಹೇಳುತ್ತದೆ.

ಅಲ್ಲಿ 1877ರ ಜನವರಿ 1ರಂದು ಜಮ್‌ಷೆಟ್‌ಜಿ ಟಾಟಾ ಅವರು ಹತ್ತಿಯ ಗಿರಣಿಯೊಂದನ್ನು ಆರಂಭಿಸಿದರು. ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ ದಿನವೂ ಅದೇ ಆದುದರಿಂದ ಗಿರಣಿಗೆ ಎಂಪ್ರೆಸ್ ಮಿಲ್ ಎಂದು ಹೆಸರಾಯಿತು. ಆ ಕಾಲದಲ್ಲಿ ಗಿರಣಿಯೆಂದರೆ ಮುಂಬಯಿ. ಆದರೆ ಹತ್ತಿ ಬೆಳೆಯುವ ಸೀಮೆಯ ನಡುವೆಯೇ ಗಿರಣಿ ಇರಬೇಕೆಂಬುದು ಅವರ ಎಣಿಕೆ. ಹತ್ತಿ ಇಲ್ಲಿ ಕೈಗೆ ಸಿಗುತ್ತಿತ್ತು. ರೈಲು ಹತ್ತು ವರ್ಷದ ಹಿಂದೆಯೇ, 1867ರಲ್ಲಿ, ಈ ಊರಿಗೆ ಬಂದಿತ್ತು.

ಈ ಹೊಸ ಗಿರಣಿಯನ್ನು ನಡೆಸಲು ಅವರು ಆರಿಸಿದವರು ಬೆಜೋನ್‌ಜಿ ಮೆಹ್ತಾ. ಇವರು ಜಿ.ಐ.ಪಿ. ರೈಲ್ವೆಯಲ್ಲಿ ಸರಕು ಸಾಗಣೆಯ ಕೆಲಸ ನೋಡಿಕೊಂಡಿದ್ದವರು. ಗಿರಣಿಯ ಕೆಲಸದ ಅನುಭವ ಇವರಿಗೆ ಇರಲಿಲ್ಲ. ಇಂದಿನ ದಿನ ನೌಕರಿಯ ಜಾಹೀರಾತಿಗೆ ಇವರು ಅರ್ಜಿ ಹಾಕಿದ್ದರೆ ಮೊದಲ ಸುತ್ತಿನಲ್ಲಿಯೇ ಹೊರಗುಳಿಯುತ್ತಿದ್ದರೇನೋ! ಜಮ್‌ಷೆಟ್‌ಜಿಯವರು ನೋಡಿದ್ದು ಮನುಷ್ಯನ ಚುರುಕುತನವನ್ನು ಮತ್ತು ಕಲಿಯುವ ಹಂಬಲವನ್ನು. ಯಂತ್ರದ ವಿಷಯ ತಿಳಿದ ಜೇಮ್ಸ್ ಬ್ರೂಕ್ಸ್‌ಬಿ ಎಂಬವರನ್ನು ಜೊತೆಗೆ ಕೊಟ್ಟು, ಕೆಲಸವನ್ನು ಇವರ ಕೈಗೆ ಒಪ್ಪಿಸಿದರು.

ಮುಂದೆ ನಡೆದ ಒಂದು ಸಂಗತಿ ಗಮನಿಸತಕ್ಕದ್ದು. ಆಗ ನೂಲುವುದಕ್ಕೆ 'ಮ್ಯೂಲ್' ಎಂಬ ಯಂತ್ರ ಬಳಕೆಯಲ್ಲಿತ್ತು. ಅದರ ಬಂಡಿ ಹಿಂದೆ ಸರಿದು ಎಳೆಯನ್ನು ಎಳೆದು ಹುರಿಗೊಳಿಸುವುದು, ಮತ್ತೆ ಮುಂದೆ ಬಂದು ಸುತ್ತುವುದು. ಹೊಸದಾಗಿ ಬಂದಿದ್ದ 'ರಿಂಗ್' ಕದಿರಿನಲ್ಲಿ ಹುರಿಯುವುದೂ ಸುತ್ತುವುದೂ ನಿಲ್ಲದೆ ಒಟ್ಟಿಗೇ ನಡೆಯುತ್ತಿದ್ದವು. ಲ್ಯಾಂಕಾಶೈರಿನ ಗಿರಣಿಯವರು ಇದನ್ನು ಅಳವಡಿಸಿಕೊಳ್ಳಲು ಇನ್ನೂ ಹಿಂದೆಮುಂದೆ ನೋಡುತ್ತಿದ್ದಾಗಲೇ ನಾಗಪುರದಲ್ಲಿ ಅದರ ಪರೀಕ್ಷೆ ನಡೆಯಿತು, ಗೆದ್ದಿತು. ಗಿರಣಿ ಹೊಸ ಕದಿರುಗಳ ಕಡೆಗೆ ತಿರುಗಿತು. 'ಅದೆಲ್ಲಾ ನಿನಗ್ಯಾಕ ಬೇಕು' ಎನ್ನುವ ಒಡೆಯನ ಕೈಕೆಳಗೆ ಇದು ಆಗುತ್ತಿತ್ತೇ?

ಇದು ಮೇಲಿನವರ ಮಾತಾಯಿತು. ದಿನಗೂಲಿಯ ಕಾರ್ಮಿಕನ ಗತಿಯೇನು? ಆರಂಭದಲ್ಲಿ ಇಲ್ಲಿಯ ಜನರಿಗೆ ಗಿರಣಿಯ ಸೀಟಿಗೆ ಕಟ್ಟುಬೀಳುವುದು ಒಗ್ಗಲಿಲ್ಲ. ತಮ್ಮ ಮನೆಯ ಮಗ್ಗದಲ್ಲಿ ತಮ್ಮ ಇಷ್ಟದಂತೆ ನೇಯುತ್ತಿದ್ದ ಕೋಷ್ಟಿಗಳ ಊರು ಇದು. ಹಾಜರಿ ಕಡಿಮೆಯಾಗಿತ್ತು. ದಂಡ ಹಾಕಿ ಸರಿಪಡಿಸುವ ದಾರಿ ಯಾರಿಗಾದರೂ ಹೊಳೆಯುವಂಥದೇ. ಜಮ್‌ಷೆಟ್‌ಜಿಯವರು ಬೇರೆ ದಾರಿ ಹಿಡಿದರು. ಒಳ್ಳೆಯ ಕೆಲಸಗಾರರಿಗೆ ಬಹುಮಾನ, ವರ್ಷಕ್ಕೊಮ್ಮೆ ಆಟೋಟಗಳ ಹಬ್ಬ ಏರ್ಪಟ್ಟವು. ಒಳಗಿನ ಸೆಕೆ, ಧೂಳು ತಗ್ಗಿಸಲು ಗಾಳಿಗೆ ತೇವ ಕೊಡುವ ಉಪಕರಣಗಳೂ, ಬೆಂಕಿಯ ಅಪಾಯಕ್ಕೆ ತಾನಾಗಿ ನೀರು ಚಿಮ್ಮುವ ಕೊಳವೆಗಳೂ ಬಂದವು. 1886ರಲ್ಲಿ ನಿವೃತ್ತಿ ವೇತನದ ನಿಧಿ ಏರ್ಪಟ್ಟಿತು. 1895ರಲ್ಲಿ ಕೆಲಸದ ವೇಳೆ ಗಾಯಗೊಂಡವರಿಗೆ ಪರಿಹಾರ ಕೊಡುವ ಕ್ರಮ ಬಂದಿತು. ದೇಶದಲ್ಲಿ ಇಂಥ ಪರಿಹಾರದ ಕಾಯಿದೆ ಆದದ್ದು 1923ರಲ್ಲಿ, ಅಂದರೆ 28 ವರ್ಷಗಳ ತರುವಾಯ!

ಬಹುಮಾನಕ್ಕಿಂತ ಈ ಕೊನೆಯ ಎರಡನ್ನು ನಾವು ದೊಡ್ಡವೆಂದು ಎಣಿಸುತ್ತೇವೆ. ಕೈಗೆ ಪೆಟ್ಟಾದರೆ ಮಕ್ಕಳು ಉಪವಾಸ ಬೀಳುವರೆಂಬ ಅಂಜಿಕೆ ಇರುವವನ ಮನಸ್ಸು ನೂಲಿನ ಮೇಲೆ ನಿಲ್ಲುವುದಾದರೂ ಹೇಗೆ? ಅಂಜಿಕೆ ಹೋದ ಮೇಲೆಯೇ ಅಕ್ಕರೆಗೆ ಎಡೆ.

ಹೀಗೆಂದ ಮಾತ್ರಕ್ಕೆ ಅಲ್ಲಿ ಎಲ್ಲವೂ ಸುಖವಾಗಿತ್ತೆಂದು ನಾವು ಹೇಳುವುದಿಲ್ಲ. ಮುಂದಿನ ಶತಮಾನದಲ್ಲಿ ನಾಗಪುರದ ಗಿರಣಿಗಳು ಮುಷ್ಕರಗಳನ್ನೂ ಕಂಡವು. ತಕ್ಕ ಕೂಲಿಯ ಬದಲಿಗೆ ಬಹುಮಾನವಾಗಲಿ ಬೆನ್ನು ತಟ್ಟುವುದಾಗಲಿ ಸಲ್ಲದು. 'ನೀನು ಕೆಲಸವನ್ನು ಪ್ರೀತಿಸುತ್ತೀಯಲ್ಲ' ಎಂದು ಹೇಳಿ ಹೊತ್ತುಗೊತ್ತಿಲ್ಲದೆ ದುಡಿಸಿಕೊಳ್ಳುವುದು ಒಲವನ್ನು ಬೆಳೆಸಿದಂತಲ್ಲ. ಹಾಲು ಕೊಡುವ ಹಸುವಿನ ಮೇವಿಗೇ ಕತ್ತರಿ ಹಾಕಿದಂತೆ. ಕೊನೆಗೆ ಗಿರಣಿಯೂ ಉಳಿಯಲಿಲ್ಲ. 1986ರಲ್ಲಿ ಅದು ರಾಜ್ಯ ಸರಕಾರದ ಜವಳಿ ನಿಗಮಕ್ಕೆ ಸೇರಿ, 2002ರಲ್ಲಿ ಬಾಗಿಲು ಮುಚ್ಚಿತು.

ಗಿರಣಿ ಹೋದರೂ ಪಾಠ ಉಳಿದಿದೆ. ಅದೇ ಮಹನೀಯರು ಕನಸು ಕಂಡ ವಿಜ್ಞಾನ ಮಂದಿರ, ಅವರು 1904ರಲ್ಲಿ ತೀರಿಕೊಂಡ ಮೇಲೆ, 1909ರಲ್ಲಿ ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡಿತು. ಟಾಟಾ ಇನ್‌ಸ್ಟಿಟ್ಯೂಟ್ ಎಂದರೆ ಹಳೆಯ ಬೆಂಗಳೂರಿಗರಿಗೆ ಇಂದಿಗೂ ತಿಳಿಯುತ್ತದೆ. ಬಲ್ಲವರನ್ನು ಆರಿಸಿ, ಅವರಿಗೆ ಎಡೆ ಮಾಡಿಕೊಡುವ ಮನಸ್ಸು ಅಲ್ಲಿಯೂ ಇಲ್ಲಿಯೂ ಒಂದೇ.

ಒಲವನ್ನು ಯಾರೂ ಯಾರಿಗೂ ಕೊಡಲಾರರು. ಬೀಜ ದುಡಿಯುವವನೊಳಗೇ ಇದೆ. ಆದರೆ ನೆಲ ಹದ ಮಾಡುವುದು, ಕಲ್ಲು ಆರಿಸಿ ತೆಗೆಯುವುದು ಒಡೆಯನ ಕೈಯಲ್ಲಿದೆ. ಕೆಲಸವನ್ನು ಒಪ್ಪಿಸಿ ನಂಬಬೇಕು. ಹೊಸದನ್ನು ಹೇಳಿದಾಗ ಕಿವಿಗೊಡಬೇಕು. ತಪ್ಪಾದರೆ ತಿದ್ದಿಕೊಳ್ಳಲು ಅವಕಾಶ ಕೊಡಬೇಕು. ಕಷ್ಟಕಾಲದಲ್ಲಿ ಕೈಬಿಡಬಾರದು.

ಒಡೆಯರೆಂದರೆ ಗಿರಣಿಯ ಯಜಮಾನರೇ ಆಗಬೇಕಿಲ್ಲ. ನಮ್ಮ ವಾಚಕರಲ್ಲಿ ಕಚೇರಿಯ ಮುಖ್ಯಸ್ಥರಿದ್ದಾರೆ, ಅಂಗಡಿ ನಡೆಸುವವರಿದ್ದಾರೆ. ಅಡಿಗೆಗೆ, ಪಾತ್ರೆಪರಟಿಗೆ ಒಬ್ಬಳನ್ನು ಇಟ್ಟುಕೊಂಡ ಗೃಹಿಣಿಯರಂತೂ ಮನೆಮನೆಗೂ ಇದ್ದಾರೆ. ನಮ್ಮ ಕೈಕೆಳಗಿನವರು ಒಂದು ಮಾತು ಹೇಳಬಂದಾಗ ನಾವು ಏನೆನ್ನುತ್ತೇವೆ? ಈ ವಾರ ಒಮ್ಮೆ ಗಮನಿಸಿ ನೋಡೋಣ.

ಆ ತರುಣನಿಗೂ ಒಳ್ಳೆಯ ಸಾಹೇಬರೊಬ್ಬರು ಸಿಗಲಿ. ಸಿಗುವವರೆಗೂ ಅವನ ಹೊಸದರ ಹಂಬಲ ಆರದಿರಲಿ. ನಾಳೆ ಅವನೇ ನಾಲ್ಕು ಜನರ ಮೇಲೆ ಸಾಹೇಬನಾದಾಗ, ನಲವತ್ತು ವರ್ಷದ ಮೇಲೂ ಯಾರಾದರೂ ನೆನೆಯುವಂಥ ಮೂರು ವರ್ಷಗಳನ್ನು ಅವನು ಕೊಡಲಿ ಎಂದು ನಾವು ಹಾರೈಸುತ್ತೇವೆ.